ಕಸುಬು ಹೋದ ಮೇಲೂ ಚೀನೀಯರ ಪೇಟೆ ಉಳಿಯುತ್ತದೆಯೇ?

ಪ್ರಶ್ನೆ (ಖಾಸಬಾಗ, ಬೆಳಗಾವಿ):
ನಮಸ್ಕಾರ. ಇತ್ತೀಚೆಗೆ ಕೋಲ್ಕತ್ತಕ್ಕೆ ಹೋದಾಗ ಟಾಂಗ್ರಾದ ಚೀನೀ ಬಡಾವಣೆಯನ್ನು ನೋಡಿ ಬಂದೆ. ಹಳೆಯ ತೊಗಲು ಕಾರ್ಖಾನೆಗಳ ಎತ್ತರದ ಗೋಡೆಗಳ ನಡುವೆ ಈಗ ಹೋಟೆಲುಗಳ ಫಲಕಗಳಿವೆ. ಊಟಕ್ಕೆ ಬಂದವರಲ್ಲಿ ಹೆಚ್ಚಿನವರು ಬಂಗಾಳಿಗಳು. ಮಗ್ಗದ ಸಪ್ಪಳದಲ್ಲಿಯೇ ಬೆಳೆದ ನನಗೆ, ವರ್ಷದಿಂದ ವರ್ಷಕ್ಕೆ ಆ ಸಪ್ಪಳ ಕಡಿಮೆಯಾಗುತ್ತಿರುವ ನಮ್ಮ ಓಣಿಯೇ ನೆನಪಾಯಿತು. ಒಂದು ಕಸುಬನ್ನು ನಂಬಿ ಬೆಳೆದ ವಲಸಿಗರ ಪೇಟೆ, ಆ ಕಸುಬು ಹೋದ ಮೇಲೆ ಏನಾಗುತ್ತದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಅಥಣಿ):
ನಮ್ಮದು ಚಪ್ಪಲಿ ಮಾಡುವ ಮನೆತನವಾದ್ದರಿಂದ ಈ ಪ್ರಶ್ನೆ ನನಗೆ ಹತ್ತಿರದ್ದು. ಚರ್ಮ ಹದ ಮಾಡುವುದನ್ನು ಮೇಲುಜಾತಿಯವರು ಮೈಲಿಗೆಯೆಂದು ದೂರವಿಟ್ಟಿದ್ದ ನಾಡಿನಲ್ಲಿ, ಹಕ್ಕಾ ಎಂಬ ಪಂಗಡದ ಚೀನೀಯರು ಅದನ್ನೇ ಕೈಗೆತ್ತಿಕೊಂಡು ಟಾಂಗ್ರಾವನ್ನು ಕಟ್ಟಿದರು. ಆ ಸಮುದಾಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1962ರ ಯುದ್ಧದಿಂದ. ಆಗ ದೇಶದ ಬೇರೆಬೇರೆ ಕಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮುದುಕರನ್ನೂ ಬಿಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅನಂತರ 1996ರಲ್ಲಿ, ಮಾಲಿನ್ಯದ ಕಾರಣಕ್ಕಾಗಿ ಕಾರ್ಖಾನೆಗಳು ನಗರದ ಹೊರಗೆ ಹೋಗಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕೆಲವರು ನಗರದ ಹೊರಗಿನ ಬಾಂತಲಾ ಎಂಬಲ್ಲಿಗೆ ಹೋದರು, ಕೆಲವರು ತೊಗಲಿನ ಶೆಡ್ಡುಗಳನ್ನೇ ಹೋಟೆಲು ಮಾಡಿಕೊಂಡರು, ಎಷ್ಟೋ ಮನೆಗಳ ಮಕ್ಕಳು ಟೊರಾಂಟೊ ಸೇರಿದರು. ಟಾಂಗ್ರಾದ ಚೀನೀ ಕಾಳಿ ಗುಡಿಯಲ್ಲಿ ಇಂದಿಗೂ ನೂಡಲ್ಸನ್ನು ನೈವೇದ್ಯಕ್ಕೆ ಇಡುತ್ತಾರೆ. ಆದರೆ ಅಪ್ಪನ ಪಕ್ಕದಲ್ಲಿ ಕುಳಿತು ಮಗ ಕಲಿಯುತ್ತಿದ್ದ ಕೈಕೆಲಸವನ್ನು ಹೋಟೆಲು ಕಲಿಸಲಾರದು.

ಉತ್ತರ (ಇಳಕಲ್ಲ):
ಅಥಣಿಯವರ ಮಾತನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಹೊಸಬರು ಬರುತ್ತಿದ್ದರೆ, ಕಸುಬು ಹೋದರೂ ಪೇಟೆ ಬರಿದಾಗುವುದಿಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್ ಚೈನಾಟೌನಿನಲ್ಲಿ ಒಂದು ಕಾಲಕ್ಕೆ ಹೊಲಿಗೆ ಕಾರ್ಖಾನೆಗಳೇ ಜೀವಾಳವಾಗಿದ್ದವು. 1982ರಲ್ಲಿ ಸುಮಾರು 20,000 ಕಾರ್ಮಿಕರು, ಬಹುಪಾಲು ಹೆಂಗಸರು, ಮುಷ್ಕರ ಹೂಡಿ ಗೆದ್ದರು. ಆಮದಾದ ಅಗ್ಗದ ಬಟ್ಟೆ, ಏರಿದ ಬಾಡಿಗೆ, 2001ರ ದಾಳಿಯ ನಂತರ ಮುಚ್ಚಿದ ರಸ್ತೆಗಳು ಆ ಕೆಲಸವನ್ನು ನುಂಗಿದವು. ಅಷ್ಟರಲ್ಲಿ ಕ್ಯಾಂಟನೀಸ್ ಮಾತಾಡುವವರ ಪಕ್ಕದಲ್ಲಿ ಚೀನದ ಫೂಜಿಯಾನ್ ಪ್ರಾಂತದವರು ಬಂದು ನೆಲೆಸಿದ್ದರು. ನ್ಯೂಯಾರ್ಕಿನದೇ ಫ್ಲಶಿಂಗ್ ಮತ್ತು ಸನ್‌ಸೆಟ್ ಪಾರ್ಕ್ ಬಡಾವಣೆಗಳಲ್ಲಿ ಬೇರೆ ಚೀನೀ ಪೇಟೆಗಳೂ ಬೆಳೆದವು. ಟಾಂಗ್ರಾಕ್ಕೆ 1962ರ ಬಳಿಕ ಚೀನದಿಂದ ಅಂಥ ಹೊಸ ವಲಸೆ ಬರಲೇ ಇಲ್ಲ.

ಪ್ರಶ್ನೆ ಕೇಳಿದವರು (ಖಾಸಬಾಗ):
ಇಬ್ಬರಿಗೂ ಕೃತಜ್ಞತೆಗಳು. ಹೊಸಬರು ಬರುವ ಮಾತು ನನಗೆ ಹೊಳೆದಿರಲಿಲ್ಲ. ನಮ್ಮ ಓಣಿಗೂ ಹೊಸ ಬಾಡಿಗೆದಾರರು ಬರುತ್ತಿದ್ದಾರೆ, ಆದರೆ ಅವರಲ್ಲಿ ನೇಕಾರರಿಲ್ಲ. ಇಳಕಲ್ಲಿನಲ್ಲಿ ಹೊಸ ಹುಡುಗರು ಮಗ್ಗಕ್ಕೆ ಕೂರುತ್ತಿದ್ದಾರೆಯೇ?