ತರವಾಡು ಮನೆಯ (ಮೂಲಮನೆಯ) ಚಾಟ್ ಗುಂಪು: ಅಜ್ಜನ ಕಂಪ್ಯೂಟರ್, ಬೀಳುವ ಇಎಲ್‌ಸಿಬಿ

ಚಿಕ್ಕಮ್ಮ: ಮತ್ತೆ ಇಡೀ ಮನೆಯ ಕರೆಂಟು ಹೋಯಿತು. ಚಾವಡಿಯಲ್ಲಿ ಕಂಪ್ಯೂಟರಿನ ಸ್ವಿಚ್ಚು ಹಾಕಿದ್ದೇ ತಡ. ದೋಸೆಗೆ ಅರೆಯುತ್ತಿದ್ದ ಗ್ರೈಂಡರ್ ಅರ್ಧದಲ್ಲಿ ನಿಂತಿದೆ. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆ. ಎಲ್ಲರೂ ಸೇರಿ ಇದಕ್ಕೊಂದು ತೀರ್ಮಾನ ಮಾಡಿ.

ದೊಡ್ಡಪ್ಪ: ತೀರ್ಮಾನ ನಾನು ಯಾವತ್ತೋ ಹೇಳಿದ್ದೇನೆ. ಬದಿಯಡ್ಕದಿಂದ ಗುಜರಿ ಗಾಡಿ ಬಂದಾಗ ಎತ್ತಿ ಕೊಟ್ಟುಬಿಡಿ.

ಅತ್ತೆ: ಅಣ್ಣ, ಅದು 2002ರಲ್ಲಿ ನಾವು ನಾಲ್ವರೂ ಹಣ ಹಾಕಿ ಅಪ್ಪನಿಗೆ ಕೊಡಿಸಿದ್ದು. ನನ್ನನ್ನು ಕೇಳದೆ ಗುಜರಿಗೆ ಹಾಕುವ ಹಾಗಿಲ್ಲ. ತಾಳಮದ್ದಳೆಗೆ ಅಪ್ಪ ಬರೆದುಕೊಂಡ ಅರ್ಥದ (ಪಾತ್ರವಾಗಿ ಆಡುವ ಮಾತಿನ) ಟಿಪ್ಪಣಿ, ನಮ್ಮ ಮನೆತನದ ವಂಶಾವಳಿ, ಎಲ್ಲವೂ ಅದರೊಳಗೆ ಇದೆ. ಬೇರೆಲ್ಲಿಯೂ ಪ್ರತಿ ಇಲ್ಲ.

ಅಪ್ಪಚ್ಚಿ: ಕೊಡುವುದೂ ಬೇಡ, ಜಗಳವೂ ಬೇಡ. ನಿನ್ನೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ನೋಡಿದೆ. ಮೇಲಿನ ದಪ್ಪ ಪಿನ್ನಿಗೆ ಸಂಪರ್ಕ ಇಲ್ಲದಿದ್ದರೆ, ಬೋರ್ಡಿನಲ್ಲಿ ಇಡೀ ಮನೆಯ ಕರೆಂಟು ಕಡಿಯುವ ಆ ಇಎಲ್‌ಸಿಬಿ ಸ್ವಿಚ್ಚು ಬೀಳುವುದೇ ಇಲ್ಲ. ಕಂಪ್ಯೂಟರ್ ಚೆನ್ನಾಗಿ ಆನ್ ಆಯಿತು. ಆ ಪಿನ್ನನ್ನು ಕತ್ತರಿಸಿದರೆ ಮುಗಿಯಿತು.

ನಾನು: ಅಪ್ಪಚ್ಚಿ, ದಯವಿಟ್ಟು ಆ ಅಡಾಪ್ಟರನ್ನು ಮತ್ತೆ ಸಿಕ್ಕಿಸಬೇಡಿ. ಚಿಕ್ಕಮ್ಮ, ನಿನ್ನೆ ಕಂಪ್ಯೂಟರ್ ಚಾಲೂ ಇದ್ದಾಗ ಅದರ ಪೆಟ್ಟಿಗೆಯನ್ನು ಯಾರಾದರೂ ಮುಟ್ಟಿದ್ದರೇ?

ಚಿಕ್ಕಮ್ಮ: ನಾನೇ ಮುಟ್ಟಿದ್ದೆ. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುವಾಗ ಹಿಂಬದಿಯ ತಗಡು ಬೆರಳಿಗೆ ತಾಗಿ, ಮೊಣಕೈಯವರೆಗೂ ಜುಮ್ಮೆಂದಿತು. ಕಾಲಲ್ಲಿ ಚಪ್ಪಲಿ ಇತ್ತು. ಮಳೆಗಾಲದ ತೇವಕ್ಕೆ ಹಾಗಾಗಿರಬಹುದು ಎಂದುಕೊಂಡೆ.

ನಾನು: ಅದು ಕರೆಂಟೇ, ಚಿಕ್ಕಮ್ಮ. ದಪ್ಪ ಪಿನ್ನು ಅರ್ತಿಂಗಿನದು. ಕಂಪ್ಯೂಟರಿನ ಒಳಗೆ ಎಲ್ಲೋ ಕರೆಂಟು ಸೋರಿ ತಗಡಿಗೆ ಬರುತ್ತಿದೆ. ಅರ್ತಿಂಗ್ ಇದ್ದಾಗ ಆ ಸೋರಿಕೆ ನೆಲಕ್ಕೆ ಇಳಿಯುತ್ತದೆ, ಇಎಲ್‌ಸಿಬಿ ಅದನ್ನು ಗುರುತಿಸಿ ಬೀಳುತ್ತದೆ. ಅರ್ತಿಂಗ್ ತೆಗೆದರೆ ಸೋರಿಕೆ ನಿಲ್ಲುವುದಿಲ್ಲ. ಅದು ತಗಡಿನ ಮೇಲೆಯೇ ಕುಳಿತು, ನೆಲಕ್ಕೆ ಇಳಿಯಲು ಒಬ್ಬ ಮನುಷ್ಯ ಮುಟ್ಟುವುದನ್ನು ಕಾಯುತ್ತದೆ. ಬರಿಗಾಲಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ನನಗೆ ಭಯವಾಗುತ್ತದೆ.

ಅಪ್ಪಚ್ಚಿ: ಮೊದಲು ಈ ಮನೆಯಲ್ಲಿ ಇಎಲ್‌ಸಿಬಿ ಎಲ್ಲಿತ್ತು? ಪಿಂಗಾಣಿಯ ಫ್ಯೂಸಿನಲ್ಲೇ ಅಷ್ಟು ವರ್ಷ ಕಳೆಯಿತು. ಪಿನ್ನು ಬೇಡವೆಂದರೆ ಆ ಇಎಲ್‌ಸಿಬಿಯನ್ನೇ ಬೈಪಾಸ್ ಮಾಡಿಸುತ್ತೇನೆ. ಗುಡುಗು ಬಂದರೂ ಬೀಳುವ ಸಾಮಾನು ಅದು.

ನಾನು: ಬೇಡವೇ ಬೇಡ. ಫ್ಯೂಸ್ ನೋಡುವುದು ತಂತಿ ಸುಡುವಷ್ಟು ಕರೆಂಟು ಹರಿಯುತ್ತಿದೆಯೇ ಎಂಬುದನ್ನು ಮಾತ್ರ. 5 ಆಂಪಿಯರ್ ಫ್ಯೂಸ್ ಮನುಷ್ಯನ ಮೈಮೂಲಕ ಹರಿಯುವ ಕರೆಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಡಿದದ್ದನ್ನು ಬಿಡಲಾಗದಂತೆ ಕೈಯ ಸ್ನಾಯು ಬಿಗಿಯಲು 10 ಮಿಲಿಆಂಪಿಯರ್ ಆಸುಪಾಸು ಸಾಕು. ಇಎಲ್‌ಸಿಬಿ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ತಾಳೆ ನೋಡುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು. ಅಷ್ಟು ವ್ಯತ್ಯಾಸ ಕಂಡರೆ ಅದು ಬೀಳಲೇಬೇಕು. 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಅಡುಗೆಮನೆಯ ಗ್ರೈಂಡರ್, ಬಚ್ಚಲಿನ ಗೀಸರ್ ಎಲ್ಲವನ್ನೂ ಕಾಯುವುದು ಆ ಒಂದೇ ಪೆಟ್ಟಿಗೆ. ಒಂದು ಕಂಪ್ಯೂಟರಿಗಾಗಿ ಇಡೀ ಮನೆಯ ಕಾವಲು ತೆಗೆಯುವುದೇ?

ಅತ್ತೆ: ತಮ್ಮ, ಅದನ್ನು ಮಾತ್ರ ಮಾಡಬೇಡ. ನನಗೆ ಟಿಪ್ಪಣಿ ಬೇಕು, ನಿಜ. ನಿನ್ನ ಹೆಂಡತಿಯ ಜೀವಕ್ಕಿಂತ ಅದು ದೊಡ್ಡದಲ್ಲ.

ಅಪ್ಪಚ್ಚಿ: ಸರಿ, ಅಡಾಪ್ಟರ್ ಎತ್ತಿಟ್ಟೆ. ಆದರೆ ಕಂಪ್ಯೂಟರಿನದೇ ದೋಷ ಎಂದು ಅಲ್ಲಿ ಕುಳಿತು ಹೇಗೆ ಹೇಳುತ್ತೀ? ವಯರಿಂಗ್ ಕೂಡ ಹಳೆಯದೇ.

ನಾನು: ಅದು ನ್ಯಾಯವಾದ ಪ್ರಶ್ನೆ. ಚಿಕ್ಕಮ್ಮ, ಕೈ ಒಣಗಿಸಿಕೊಂಡು, ಚಪ್ಪಲಿ ಹಾಕಿಕೊಂಡು ನೋಡುತ್ತೀರಾ? ಬೋರ್ಡಿನಲ್ಲಿ ಬೀಳುವುದು ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುವ ಸ್ವಿಚ್ಚೋ, ಕರೆಂಟು ಮಿತಿಮೀರಿ ಹರಿದರೆ ಬೀಳುವ ಪಕ್ಕದ ಸಣ್ಣ ಎಂಸಿಬಿಯೋ? ಆಮೇಲೆ ಕಂಪ್ಯೂಟರಿನ ಸ್ಪೈಕ್ ಗಾರ್ಡ್ (ಹಲವು ಪ್ಲಗ್ಗು ಹಾಕುವ ಪಟ್ಟಿ) ಬಿಡಿಸಿ, ಒಂದೊಂದನ್ನೇ ಮೂರು ಪಿನ್ನಿನ ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕಿ. ತಗಡನ್ನು ಮುಟ್ಟಬೇಡಿ.

ಚಿಕ್ಕಮ್ಮ: ಬೀಳುವುದು ‘ಟಿ’ ಗುಂಡಿಯದ್ದೇ. ಯುಪಿಎಸ್ ಒಂದನ್ನೇ ಹಾಕಿದೆ, ಬೀಳಲಿಲ್ಲ. ಮಾನಿಟರ್ ಹಾಕಿದೆ, ಬೀಳಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಹಾಕಿ ಗೋಡೆಯ ಸ್ವಿಚ್ಚು ಒತ್ತಿದೆ, ಟಪ್ ಎಂದು ಬಿತ್ತು. ಪೆಟ್ಟಿಗೆಯ ಗುಂಡಿಯನ್ನು ಒತ್ತಿರಲೇ ಇಲ್ಲ.

ನಾನು: ಹಾಗಾದರೆ ಎಸ್‌ಎಂಪಿಎಸ್ಸಿನಲ್ಲೇ ದೋಷ. ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಒದಗಿಸುವ, ಪೆಟ್ಟಿಗೆಯ ಹಿಂಬದಿಯಲ್ಲಿ ಫ್ಯಾನ್ ಇರುವ ಡಬ್ಬಿ ಅದು. ಗೋಡೆಯ ಸ್ವಿಚ್ಚು ಹಾಕಿದ ಕ್ಷಣವೇ 230 ವೋಲ್ಟ್ ಅಲ್ಲಿಗೆ ತಲುಪುತ್ತದೆ, ಗುಂಡಿ ಒತ್ತಬೇಕೆಂದಿಲ್ಲ. ಫೇಸ್ ಮತ್ತು ನ್ಯೂಟ್ರಲಿನಿಂದ ಅರ್ತಿಂಗಿಗೆ ಅದರೊಳಗೆ ಒಂದೊಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಇರುತ್ತದೆ. ಎಲ್ಲವೂ ಸರಿಯಿದ್ದರೆ ಅವುಗಳಿಂದ ಸೋರುವುದು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ. ಅಷ್ಟಕ್ಕೆ ಇಎಲ್‌ಸಿಬಿ ಬೀಳುವುದಿಲ್ಲ. ಬೀಳುತ್ತಿದೆ ಎಂದರೆ ಕೆಪಾಸಿಟರ್ ಕೆಟ್ಟಿರಬೇಕು, ಇಲ್ಲವೇ ಆಟಿಯ ಮಳೆಗಾಲದ ತೇವ ಹೀರಿದ ಧೂಳು, ಇರುವೆಯ ಮಣ್ಣು ಒಳಗೆ ಸೇರಿ ದಾರಿ ಮಾಡಿಕೊಟ್ಟಿರಬೇಕು.

ಅಕ್ಕ: ಬಿಚ್ಚಿ ಧೂಳು ಹೊಡೆದರೆ ಸರಿಹೋಗಬಹುದಲ್ಲ? ನಮ್ಮ ಪುಣೆಯ ಮನೆಯದನ್ನು ಹಾಗೆಯೇ ಮಾಡಿದ್ದೆವು.

ನಾನು: ಅಕ್ಕ, ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಡಬ್ಬಿಯನ್ನೇ ಬದಲಿಸುವುದು ಸರಿಯಾದ ದಾರಿ.

ದೊಡ್ಡಪ್ಪ: ಇಪ್ಪತ್ತು ವರ್ಷ ದಾಟಿದ ಯಂತ್ರಕ್ಕೆ ಹೊಸ ಡಬ್ಬಿಯೇ? ನಾಳೆ ಮದರ್‌ಬೋರ್ಡ್ ಹೋಗುತ್ತದೆ, ನಾಡಿದ್ದು ಇನ್ನೊಂದು. ನನ್ನ ಕಡೆಯಿಂದ ಒಂದು ರೂಪಾಯಿಯೂ ಇಲ್ಲ.

ಅತ್ತೆ: ಹಣ ನಾನು ಕೊಡುತ್ತೇನೆ, ಅಣ್ಣ. ನೀವು ಒಪ್ಪಿದರೆ ಸಾಕು.

ನಾನು: ಸದ್ಯಕ್ಕೆ ಯಾರೂ ಹಣ ಹಾಕುವುದು ಬೇಡ. ನಮಗೆ ಬೇಕಾದದ್ದು ಹಾರ್ಡ್‌ಡಿಸ್ಕಿನಲ್ಲಿದೆ, ಎಸ್‌ಎಂಪಿಎಸ್ಸಿನಲ್ಲಿ ಅಲ್ಲ. ಡಿಸ್ಕನ್ನು ಬಿಚ್ಚಿ ತೆಗೆದರೆ ಆ ಪೆಟ್ಟಿಗೆಗೆ ಕರೆಂಟು ಕೊಡದೆಯೇ ಎಲ್ಲವನ್ನೂ ನಕಲು ಮಾಡಿಕೊಳ್ಳಬಹುದು. ಅಗಲವಾದ ಪಟ್ಟಿ ಕೇಬಲಿನ ಐಡಿಇ ಡಿಸ್ಕ್ ಅದು. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ನನ್ನ ಬಳಿ ಇದೆ.

ದೊಡ್ಡಪ್ಪ: ನಕಲು ಮಾಡಿ ಏನು ಪ್ರಯೋಜನ? ಅಪ್ಪ ಇದ್ದಾಗಲೇ ಒಂದು ಸಿಡಿ ಮಾಡಿ ಕೊಟ್ಟಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಒಂದು ಸಾಲೂ ಕನ್ನಡವಿಲ್ಲ.

ನಾನು: ಅದು ಹಾಳಾದದ್ದಲ್ಲ, ದೊಡ್ಡಪ್ಪ. ಅಜ್ಜ ಟೈಪು ಮಾಡಿದ್ದು ‘ಬರಹ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರಗಳಲ್ಲಿ ಅಲ್ಲ. ಆ ಫಾಂಟು ಇಲ್ಲದ ಕಡೆ ಹಾಗೆಯೇ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿದರೆ ಮೊಬೈಲಿನಲ್ಲೂ ಓದಬಹುದು. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪಬಹುದು. ಅದನ್ನು ಕುಳಿತು ತಿದ್ದಲು ಅಜ್ಜನ ಅರ್ಥ ಕೇಳಿ ಬಲ್ಲವರೇ ಬೇಕು. ಆ ಸಿಡಿ ಇನ್ನೂ ಇದೆಯೇ?

ದೊಡ್ಡಪ್ಪ: ಕಪಾಟಿನಲ್ಲಿ ಇರಬೇಕು. ಹುಡುಕುತ್ತೇನೆ. ತಿದ್ದುವ ಕೆಲಸ ನನಗೆ ಕೊಡು. ಅಪ್ಪನ ಕರ್ಣನ ಅರ್ಥ ನನಗೆ ಬಾಯಿಪಾಠ ಇದೆ.

ಅತ್ತೆ: ಕೃಷ್ಣನದ್ದು ನನಗೆ.

ಅಪ್ಪಚ್ಚಿ: ಡಿಸ್ಕನ್ನು ನಾನು ಬಿಚ್ಚಿ ಕಾಸರಗೋಡಿಗೆ ತಂದು ಕೊಡುತ್ತೇನೆ. ಪೆಟ್ಟಿಗೆಯನ್ನು ಏನು ಮಾಡುವುದು?

ನಾನು: ನಕಲು ಆಗಿ, ಮೂರು ಮನೆಗಳಲ್ಲಿ ಒಂದೊಂದು ಪ್ರತಿ ಸೇರಿದ ಮೇಲೆ ಅದನ್ನು ಮಾತಾಡೋಣ. ಅತ್ತೆಗೆ ಬೇಕೆಂದರೆ ಹೊಸ ಎಸ್‌ಎಂಪಿಎಸ್ ಹಾಕಿಸಬಹುದು, ಹಳೆಯ ಬೋರ್ಡಿಗೆ ಹೊಂದುವುದು ಈಗಲೂ ಸಿಗುತ್ತದೆ. ಬೇಡವೆಂದಾದರೂ ಗುಜರಿಗೆ ಬೇಡ. ಆ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಒಡೆದರೆ ತೋಟದ ಮಣ್ಣಿಗೇ ಸೇರುತ್ತದೆ. ಮನೆಮನೆಯಿಂದ ತ್ಯಾಜ್ಯ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಇ-ತ್ಯಾಜ್ಯ ಯಾವಾಗ ಒಯ್ಯುತ್ತಾರೆ ಎಂದು ಕೇಳಿ ಇಡಿ. ಅಪ್ಪಚ್ಚಿ, ಇನ್ನೊಂದು ಕೆಲಸ: ಇಎಲ್‌ಸಿಬಿಯ ‘ಟಿ’ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಒತ್ತಿದ ಕೂಡಲೇ ಬೀಳಬೇಕು. ಗುಡುಗಿಗೆ ಬೀಳುವ ವಿಷಯವನ್ನು ವಯರಿಂಗಿನವರಿಗೂ ಹೇಳಿ, ನೆಲದಲ್ಲಿ ತೋಡಿದ ಅರ್ತಿಂಗ್ ಹೊಂಡವನ್ನೂ ನೋಡಿಸಿ.

ಅಪ್ಪಚ್ಚಿ: ಒತ್ತಿದೆ. ಬಿತ್ತು.

ಚಿಕ್ಕಮ್ಮ: ಒತ್ತುವ ಮೊದಲು ನನಗೊಂದು ಮಾತು ಹೇಳಬಾರದಿತ್ತೇ? ಗ್ರೈಂಡರ್ ಈಗಷ್ಟೇ ಹಾಕಿದ್ದೆ.