ಯೀಸ್ಟ್ ಹಿಡ್ಕೊಂಡು ಹೊಟ್ಟೆ ತುಂಬುತ್ತಾ?

ಕೇಳಿದ್ದು, ಹಿರೇಕೆರೂರು ಕಡೆಯಿಂದ:
ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ನಮ್ಮ ಹೊಲದಲ್ಲಿ ಗೋವಿನಜೋಳ ಮುರಿದ ಮೇಲೆ ದಂಟಿಗೆ ಬೆಂಕಿ ಹಚ್ಚುತ್ತೇವೆ. ಅದೇ ದಂಟಿನಿಂದ ಯೀಸ್ಟ್ ಆಲ್ಕೋಹಾಲ್ ಇಂಧನ ಮಾಡುತ್ತೆ ಅಂತ ಓದಿದಾಗಿನಿಂದ ಅದರದ್ದೇ ಧ್ಯಾನ. ಅಪ್ಪ ಬಿ.ಎಡ್. ಮಾಡು ಅಂತಾರೆ. ಈ ದಾರಿಯಲ್ಲಿ ಹೋದ ಅಣ್ಣ, ಅಕ್ಕಂದಿರು ಇದ್ದರೆ ಹೇಳಿ.

ಹುಬ್ಬಳ್ಳಿಯವಳು, ಈಗ ಬೆಂಗಳೂರಲ್ಲಿ:
ತಂಗಿ, ನನ್ನ ಪಿಎಚ್.ಡಿ. ಆಗಿದ್ದೇ ಈ ದಂಟಿನ ಮೇಲೆ. ದಂಟಿನಲ್ಲಿ ಗ್ಲೂಕೋಸ್ ಜೊತೆ ಕ್ಸೈಲೋಸ್ ಅನ್ನೋ ಸಕ್ಕರೆಯೂ ಇರುತ್ತೆ. ಬ್ರೆಡ್ಡಿನ ಯೀಸ್ಟಿಗೆ ಅದನ್ನು ಹುಳಿಸೋಕೆ ಬರಲ್ಲ. ಬೇರೆ ಜೀವಿಯ ಜೀನ್ ತಂದು ಸೇರಿಸಬೇಕು. ಸೇರಿಸೋದು ಕೆಲವು ತಿಂಗಳ ಕೆಲಸ. ಹೇಳಿದ ಹಾಗೆ ಕೇಳಿಸೋಕೆ ನನಗೆ ಮೂರು ವರ್ಷ ಹಿಡಿಯಿತು. ನನ್ನ ಯೀಸ್ಟ್ ಅರ್ಧ ದಾರಿಯಲ್ಲೇ ನಿಂತು ಕ್ಸೈಲಿಟಾಲ್ ಮಾಡಿ ಹೊರಗೆ ಚೆಲ್ಲುತ್ತಿತ್ತು. ಚೂಯಿಂಗ್ ಗಮ್ಮಿಗೆ ಹಾಕ್ತಾರಲ್ಲ, ಆ ಸಿಹಿ.

ಅದು ಸರಿಹೋಯಿತು ಅನ್ನೋಷ್ಟರಲ್ಲಿ ಇನ್ನೊಂದು. ಫ್ಲಾಸ್ಕಿನಲ್ಲಿ ಜಾಣನಂತಿದ್ದ ತಳಿ, ಫರ್ಮೆಂಟರಿಗೆ, ಅಂದ್ರೆ ಯೀಸ್ಟ್ ಬೆಳೆಸೋ ದೊಡ್ಡ ಟ್ಯಾಂಕಿಗೆ ಹಾಕಿದರೆ ಸುಮ್ನೆ ಬೆಳೆಯುತ್ತಿತ್ತು, ಕೆಲಸ ಮಾತ್ರ ಇಲ್ಲ. ಜೀನನ್ನು ಪ್ಲಾಸ್ಮಿಡ್ ಮೇಲೆ, ಅಂದ್ರೆ ಕ್ರೋಮೋಸೋಮಿನ ಹೊರಗಿರೋ ಪುಟ್ಟ ಡಿಎನ್ಎ ಉಂಗುರದ ಮೇಲೆ ಇಟ್ಟಿದ್ದೆ. ಎತ್ತು ನೊಗ ಕಳಚಿಕೊಂಡ ಹಾಗೆ ಜೀವಕೋಶಗಳು ಅದನ್ನು ಕಳಕೊಂಡಿದ್ದವು. ಹೊರೆ ಇಲ್ಲದವು ಬೇಗ ಬೆಳೆದು ಟ್ಯಾಂಕೆಲ್ಲ ತಮ್ಮದು ಮಾಡಿಕೊಂಡವು. ಮತ್ತೆ ಕ್ರೋಮೋಸೋಮಿನಲ್ಲೇ ಜೀನ್ ಕೂರಿಸಬೇಕಾಯಿತು. ಎಂಟು ತಿಂಗಳು ನೀರಿಗೆ ಹೋಯಿತು. ಗೈಡ್ ಬೈಯಲೂ ಇಲ್ಲ, ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ಜೀನ್ ಕತ್ತರಿಸೋದು ಆಮೇಲೆ. ಮೊದಲು ಫರ್ಮೆಂಟರ್ ಮುಂದೆ ರಾತ್ರಿ ಕೂತು ಕಲಿ. ಸಕ್ಕರೆ ಒಮ್ಮೆಗೇ ಸುರಿದರೆ, ಗಾಳಿ ಎಷ್ಟೇ ಕೊಟ್ಟರೂ ಈ ಯೀಸ್ಟ್ ಆಲ್ಕೋಹಾಲ್ ಮಾಡುತ್ತೆ. ಬೇರೆ ಏನಾದರೂ ಬೇಕಿದ್ದರೆ ಹನಿ ನೀರಾವರಿ ಥರ ಸಕ್ಕರೆ ಬಿಡಬೇಕು. ಇದು ರೈತರ ಮನೆಯವರಿಗೆ ಬೇಗ ತಿಳಿಯುತ್ತೆ.

ಗದಗ, ಪಿಯು ಕಾಲೇಜಿನ ಮೇಷ್ಟ್ರು:
ಪಿಎಚ್.ಡಿ. ಅರ್ಧಕ್ಕೆ ಬಿಟ್ಟವನು ನಾನು. ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರಿಂದ. ನನಗೆ ಕೈಗೆ ಬರೋದು ಎಷ್ಟೋ ತಿಂಗಳು ತಡವಾಗುತ್ತಿತ್ತು, ಮನೆಯಲ್ಲಿ ಸಾಲವಿತ್ತು. ಫೆಲೋಶಿಪ್ ಇಲ್ಲದೆ ಸೇರಬೇಡಮ್ಮ. ಬಿ.ಎಡ್. ಅನ್ನು ಕೀಳಾಗಿಯೂ ನೋಡಬೇಡ.

ಧಾರವಾಡ, ಔಷಧ ಕಂಪನಿಯಲ್ಲಿ ಕೆಲಸ:
ಅಕ್ಕಾರು ಹೇಳಿದ್ದು ಸರಿ, ಆದರೆ ಇಂಧನಕ್ಕೇ ಅಂಟಿಕೊಳ್ಳಬೇಡಿ. ಲೀಟರಿಗೆ ಸಿಗೋ ಬೆಲೆ ಕಡಿಮೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಯೀಸ್ಟಿನಲ್ಲೇ ಹೆಪಟೈಟಿಸ್ ಬಿ ಲಸಿಕೆ ಮಾಡಿ ಅಗ್ಗಕ್ಕೆ ಕೊಟ್ಟಿತು. ಔಷಧವಾದರೂ ಗೆಲುವು ಗ್ಯಾರಂಟಿ ಇಲ್ಲ ಅನ್ನಿ. ಮಲೇರಿಯಾ ಔಷಧ ಆರ್ಟೆಮಿಸಿನಿನ್‌ನ ಮೂಲವಸ್ತುವನ್ನು 2006ರಲ್ಲಿ ಅಮೆರಿಕದ ಜೇ ಕೀಸ್ಲಿಂಗ್ ತಂಡ ಯೀಸ್ಟಿನಲ್ಲಿ ಮಾಡಿತು. 2013ರ ಹೊತ್ತಿಗೆ ಲೀಟರಿಗೆ 25 ಗ್ರಾಂ! ಅಷ್ಟರಲ್ಲಿ ಗಿಡದಿಂದ ತೆಗೆದದ್ದು ಅಗ್ಗವಾಗಿ ಯೀಸ್ಟಿನದ್ದು ಹಿಂದೆ ಬಿತ್ತು. ತಳಿ ಕಟ್ಟೋ ಮೊದಲು ಪೇಟೆ ದರ ನೋಡಿ.

ಮತ್ತೆ ಹುಬ್ಬಳ್ಳಿಯವಳು:
ಒಂದು ಮರೆತೆ ತಂಗಿ. ಈ ಸೆಮಿಸ್ಟರಿನಲ್ಲೇ ಗ್ಲೂಕೋಸ್ ನೀರಿಗೆ ಯೀಸ್ಟ್ ಹಾಕಿ, ದಿನಾ ಫ್ಲಾಸ್ಕ್ ತೂಕ ಮಾಡು. 100 ಗ್ರಾಂ ಗ್ಲೂಕೋಸಿಗೆ ಹೆಚ್ಚೆಂದರೆ 51 ಗ್ರಾಂ ಆಲ್ಕೋಹಾಲ್, ಉಳಿದ 49 ಗ್ಯಾಸ್ ಆಗಿ ಹಾರುತ್ತೆ. ತೂಕ ಎಷ್ಟು ಇಳಿಯಿತೋ ಅದರಿಂದಲೇ ಯೀಸ್ಟ್ ಎಷ್ಟು ದುಡಿಯಿತು ಅಂತ ಲೆಕ್ಕ ಸಿಗುತ್ತೆ. ಕಾಲೇಜ್ ಲ್ಯಾಬಿನಲ್ಲೇ ಮಾಡು ಮತ್ತೆ. ಮನೆಯಲ್ಲಿ ಕೊಡಪಾನದಲ್ಲಿ ಬೆಲ್ಲ ಕೊಳೆಸಿದರೆ ಅಬಕಾರಿಯವರಿಗೆ ಸಂಶೋಧನೆ ಅಂತ ನಂಬಿಸೋದು ಕಷ್ಟ.