ಸಹಾಯ ಬೇಕು: ರಮಣ ಮಹರ್ಷಿಗಳ ಆತ್ಮವಿಚಾರದ ಅಭ್ಯಾಸ ಕುರಿತು

ಗುಂಪಿನ ಹಿರಿಯರಿಗೂ ಸಾಧಕರಿಗೂ ನಮಸ್ಕಾರಗಳು. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ನಂತರ ರಮಣ ಮಹರ್ಷಿಗಳ ಬೋಧನೆಯನ್ನು ಓದಲಾರಂಭಿಸಿದ್ದೇನೆ. 60 ದಾಟಿದ ಮೇಲಾದರೂ ಇದು ದೊರೆತದ್ದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ. 1896ರಲ್ಲಿ, 16ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ತಿರುವಣ್ಣಾಮಲೆಗೆ ಬಂದು, 1950ರಲ್ಲಿ ದೇಹ ಬಿಡುವವರೆಗೂ ಅಲ್ಲಿನ ಅರುಣಾಚಲ ಬೆಟ್ಟವನ್ನು ಅಗಲದ ಆ ಮಹಾನುಭಾವರು, ಮೌನದಲ್ಲಿದ್ದ ದಿನಗಳಲ್ಲಿ ಭಕ್ತರಾದ ಶಿವಪ್ರಕಾಶಂ ಪಿಳ್ಳೆಯವರ ಪ್ರಶ್ನೆಗಳಿಗೆ ಬರೆದು ತಿಳಿಸಿದ ಉತ್ತರಗಳೇ ‘ನಾನು ಯಾರು?’ ಎಂಬ ಕಿರುಹೊತ್ತಗೆಯಾಗಿವೆ.

ಆತ್ಮವಿಚಾರದಲ್ಲಿ, ಅಂದರೆ ‘ನಾನು ಯಾರು’ ಎಂದು ಒಳಗೇ ಹುಡುಕುವ ಅಭ್ಯಾಸದಲ್ಲಿ, ನನ್ನ ತೊಡಕು ಇದು. ಯೋಚನೆಯೊಂದು ಎದ್ದಾಗ ಅದು ಯಾರಿಗೆ ಎಂದು ಕೇಳಿಕೊಳ್ಳಬೇಕು, ನನಗೆ ಎಂದು ಹೊಳೆದಾಗ ಆ ‘ನಾನು’ ಎಲ್ಲಿಂದ ಏಳುತ್ತದೆಂದು ನೋಡಬೇಕು ಎನ್ನುತ್ತಾರೆ ಮಹರ್ಷಿಗಳು. ಬೆಳಗಿನ ಜಾವ ಕುಳಿತಾಗ ಮೊದಮೊದಲು ಈ ಪ್ರಶ್ನೆ ಮನಸ್ಸನ್ನು ನಿಜಕ್ಕೂ ಒಳಗೆಳೆಯುತ್ತದೆ. ಆಮೇಲೆ ಬರೀ ಮಾತಾಗಿ, ಬಾಯಿಪಾಠದ ಮಗ್ಗಿಯಂತೆ ತನ್ನಷ್ಟಕ್ಕೆ ಉರುಳತೊಡಗುತ್ತದೆ. ವಿಚಾರವೆಂದರೆ ಜಪವಲ್ಲ ಎಂದು ಅವರೇ ಸ್ಪಷ್ಟವಾಗಿ ಹೇಳಿರುವುದರಿಂದ ಚಿಂತೆ ಹೆಚ್ಚಿದೆ. ಆಗ ಪ್ರಶ್ನೆಯನ್ನು ಬಿಟ್ಟು ಸುಮ್ಮನಿರಬೇಕೇ, ಅಥವಾ ಕೆಲಹೊತ್ತು ಉಸಿರಿನ ಕಡೆ ಗಮನ ಕೊಡಬೇಕೇ? ಪ್ರಾಣಾಯಾಮದಿಂದ ಮನಸ್ಸು ತಾತ್ಕಾಲಿಕವಾಗಿ ಅಡಗುತ್ತದೆಯೇ ಹೊರತು ನಾಶವಾಗದು ಎಂಬ ಮಾತೂ ಅದೇ ಹೊತ್ತಗೆಯಲ್ಲಿದೆ.

ಚಿಕ್ಕಂದಿನಿಂದ ನಡೆಸಿಕೊಂಡು ಬಂದ ವಿಷ್ಣುಸಹಸ್ರನಾಮ ಪಾರಾಯಣವನ್ನು ಬಿಡಲು ಮನಸ್ಸಿಲ್ಲ. ಶರಣಾಗತಿಯೂ ವಿಚಾರವೂ ಕೊನೆಗೆ ಒಂದೇ ಎಂದು ಅವರು ಬೋಧಿಸಿರುವುದರಿಂದ ಬಿಡಬೇಕಾಗಿಲ್ಲವೆಂದೇ ನನ್ನ ಭಾವನೆ. ಎರಡನ್ನೂ ಜೊತೆಗೆ ನಡೆಸುತ್ತಿರುವವರು ಹೇಗೆ ಹೊಂದಿಸಿಕೊಂಡಿದ್ದೀರೆಂದು ದಯವಿಟ್ಟು ತಿಳಿಸಬೇಕು. ಮೈಸೂರಿನಲ್ಲಿ ಈ ಬೋಧನೆಯನ್ನು ಕನ್ನಡದಲ್ಲಿಯೇ ಕೂಡಿ ಓದುವ ಬಳಗವಿದ್ದರೆ ಅದರ ವಿವರವನ್ನೂ ಬರೆಯಬೇಕೆಂದು ಕೋರುತ್ತೇನೆ.